ಬಲಗೆನ್ನೆಯ ಮಚ್ಚೆ

ಟಚಿಂಗ್ ಅಕ್ಕನಿಗೆ ಈಗ ಎಪ್ಪತ್ತೆರಡು. ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್‌ಗಳಿಗೆ ಟಚಿಂಗ್ ಮಾಡುವುದು ಅವಳ ಕೆಲಸವಾಗಿತ್ತು. ಹೆಸರೂ ಹಾಗೇ ಅಂಟಿಕೊಂಡಿತು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ಹಿಡಿದು, ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಬಗ್ಗಿ, ಮುಖದ ಕಲೆಗಳನ್ನು ಚುಕ್ಕಿ ಚುಕ್ಕಿಯಾಗಿ ಮುಚ್ಚಬೇಕು. ಅವಳ ಕೈ ದಾಟಿ ಹೋದ ಸುಂದರಿಯರು ನೂರಾರು. ಹೊಗಳಿಕೆಯೆಲ್ಲ ಫೋಟೋ ತೆಗೆದವನಿಗೆ, ಕತ್ತುನೋವು ಮಾತ್ರ ಇವಳಿಗೆ. ಇರಲಿ ಬಿಡಿ.

ಆದರೆ ಒಂದು ತಪ್ಪನ್ನು ನಲವತ್ತೆಂಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು.

ಕೆಲಸಕ್ಕೆ ಸೇರಿದ ಹೊಸತು. ಫ್ಯಾಷನ್ ಪತ್ರಿಕೆಯ ಮುಖಪುಟಕ್ಕೆಂದು ಒಬ್ಬ ಹೊಸ ಹುಡುಗಿಯ ಫೋಟೋ ತೆಗೆದಿದ್ದರು. ಮೊಣಕೈವರೆಗೆ ಕೈಗವಸು, ಅಲೆಅಲೆಯಾಗಿ ಕೂರಿಸಿದ ಕೂದಲು, ಓರೆನೋಟ. ಎಡಗೆನ್ನೆಯಲ್ಲಿ ಹುಟ್ಟುಮಚ್ಚೆ, ಬಲಗೆನ್ನೆಯಲ್ಲಿ ಅವತ್ತೇ ಎದ್ದ ಮೊಡವೆ.

"ಬಲಗಡೆ ಮೊಡವೆ ತೆಗಿ. ಎಡಗಡೆ ಮಚ್ಚೆ ಮುಟ್ಟಿದ್ಯೋ, ನೋಡು!" ಎಂದಿದ್ದರು ಮಾಲೀಕರು.

ನೆಗೆಟಿವ್‌ನಲ್ಲಿ ಎರಡೂ ಬೆಳ್ಳನೆಯ ಚುಕ್ಕಿಗಳೇ. ಪೆನ್ಸಿಲ್ ಆಡಿಸುವ ಬದಿಯಿಂದ ನೋಡಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಕ್ಕ ಅದನ್ನೇ ಮರೆತಳು. ಮಚ್ಚೆ ಹೋಯಿತು, ಮೊಡವೆ ಉಳಿಯಿತು!

ಮಾಲೀಕರ ಕಣ್ಣಿಗೆ ಬೀಳುವಷ್ಟರಲ್ಲಿ ಪತ್ರಿಕೆ ಅಂಗಡಿಗಳಿಗೆ ಬಂದಾಗಿತ್ತು. ಜನ ಮೊಡವೆಯನ್ನೇ ಮಚ್ಚೆ ಅಂದುಕೊಂಡು ಮರುಳಾದರು. "ಬಾಯಿ ಮುಚ್ಕೊಂಡಿರು" ಎಂದು ಮಾಲೀಕರೂ ಸುಮ್ಮನಾದರು. ಆ ಹುಡುಗಿ ಮಾತ್ರ ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಪಾಪ, ಅವಳ ಮುಖ ಕೆಡಿಸಿದೆನಲ್ಲ ಎಂಬ ಕೊರಗು ಅಕ್ಕನನ್ನು ಬಿಡಲಿಲ್ಲ. ಆಮೇಲೆ ಫ್ಯಾಷನ್ ಪತ್ರಿಕೆ ಎದುರಿಗೆ ಕಂಡರೆ ಮಗುಚಿ ಇಟ್ಟುಬಿಡುತ್ತಿದ್ದಳು.

ಮೊನ್ನೆ ಹಳೆಯ ಫ್ಯಾಷನ್ ಫೋಟೋಗಳ ಪ್ರದರ್ಶನಕ್ಕೆ ಮೊಮ್ಮಗಳು ಎಳೆದುಕೊಂಡು ಹೋದಳು. ಬಾಗಿಲು ದಾಟಿದರೆ ಎದುರಿಗೇ ಆಳೆತ್ತರದ ಅದೇ ಚಿತ್ರ! ಹುಡುಗಿಯರು ಮುಗಿಬಿದ್ದಿದ್ದರು.

"ಏನ್ ಗತ್ತು ನೋಡೇ! ನಮ್ಮ ಫೋನಲ್ಲಿ ಸಾವಿರ ತೆಗೆದ್ರೂ ಹೀಗೆ ಬರಲ್ಲ."

ಹೇಗೆ ಬಂದೀತು? ಒಂದೇ ಮುಖಕ್ಕಾಗಿ ದಿನವಿಡೀ ಬಗ್ಗಿ ಕೂರುವ ಕತ್ತು ಈಗ ಯಾರಿಗಿದೆ? ಅಕ್ಕನಿಗೆ ಒಳಗೊಳಗೇ ಹೆಮ್ಮೆ, ಮೇಲೆ ಮೇಲೆ ಭಯ. ತಡೆಯಲಾರದೆ "ಇದರ ಟಚಿಂಗ್ ನಂದೇ ಕಣೇ" ಎಂದು ಮೊಮ್ಮಗಳ ಕಿವಿಯಲ್ಲಿ ಉಸುರಿಬಿಟ್ಟಳು.

"ಅಜ್ಜಿ, ಫೋಟೋದಲ್ಲಿರೋರೇ ಬಂದಿದಾರೆ!" ಎಂದಳು ಮೊಮ್ಮಗಳು.

ಅಕ್ಕ ಅವಳ ಕೈ ಹಿಡಿದು ಬಾಗಿಲ ಕಡೆ ಎಳೆದಳು. "ನಡಿಯೇ, ಮನೆಗೆ ಹೋಗೋಣ."

ಕೇಳಿದರೆ ತಾನೆ! ಆ ತರಲೆ ಆಗಲೇ ಕೂಗಿಬಿಟ್ಟಿದ್ದಳು: "ಮೇಡಂ, ಇದಕ್ಕೆ ಟಚಿಂಗ್ ಮಾಡಿದ್ದು ನಮ್ಮಜ್ಜಿ!"

ಬಿಳಿಕೂದಲಿನ ಆ ಹೆಂಗಸು ನೆಟ್ಟಗೆ ಇವಳ ಬಳಿಗೇ ಬಂದರು. ಬಲಗೆನ್ನೆಯಲ್ಲಿ ಕಪ್ಪು ಮಚ್ಚೆ! ಅದು ಮೊಡವೆ ಇದ್ದ ಜಾಗವಲ್ಲವೇ?

"ತಪ್ಪಾಯ್ತಮ್ಮ. ಎಡ ಯಾವುದು, ಬಲ ಯಾವುದು ತಿಳೀಲಿಲ್ಲ. ನಿಮ್ಮ ಮಚ್ಚೆ ಅಳಿಸಿ ಮೊಡವೆ ಉಳಿಸಿಬಿಟ್ಟೆ."

ಆಕೆ ಗೊಳ್ಳೆಂದು ನಕ್ಕುಬಿಟ್ಟರು.

"ಅಯ್ಯೋ, ಅದು ನೀವೇನಾ! ಮೊಡವೆ ನಾಲ್ಕು ದಿನಕ್ಕೆ ಒಣಗೋಯ್ತು. ಆದ್ರೆ ಎಲ್ರಿಗೂ ಬಲಗೆನ್ನೆ ಮಚ್ಚೆ ಹುಡುಗೀನೇ ಬೇಕು ಅಂದ್ರೆ ಏನ್ ಮಾಡ್ಲಿ? ಅವತ್ತಿಂದ ದಿನಾ ಕಾಡಿಗೇಲಿ ಇಟ್ಕೋತೀನಿ, ನಿಜವಾದ್ದಕ್ಕೆ ಪೌಡರ್ ಮೆತ್ತಿ. ಈ ಗುಟ್ಟು ನಿಮ್ಮ ಸ್ಟುಡಿಯೋದವರಿಗೆ ಗೊತ್ತಲ್ಲ ಅಂತ ಹೆದರ್ಕೊಂಡೇ ಆ ಕಡೆ ತಲೆ ಹಾಕ್ಲಿಲ್ಲ!"

"ನೀವೂ ಹೆದರಿದ್ರಾ?"

"ಹೂಂ ಮತ್ತೆ! ನಮ್ಮನೆಯವರಿಗೇ ಎರಡು ವರ್ಷ ಗೊತ್ತಾಗಿರ್ಲಿಲ್ಲ."

ಅಕ್ಕನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ನಲವತ್ತೆಂಟು ವರ್ಷದ ಭಾರ ಇಳಿದು ಎದೆ ಹಗುರಾಯಿತು. ಆಕೆ ಕರವಸ್ತ್ರ ಒದ್ದೆ ಮಾಡಿಕೊಂಡು ಕಾಡಿಗೆಯ ಚುಕ್ಕಿ ಒರೆಸಿಕೊಂಡರು. ಆಮೇಲೆ ಇನ್ನೊಂದು ಕೆನ್ನೆಯ ಪೌಡರನ್ನೂ ಒರೆಸಿ ಮುಖ ಮುಂದೆ ಚಾಚಿದರು.

"ನೋಡಿ, ಇದೆಯಾ?"

ಅಕ್ಕ ಕನ್ನಡಕ ಸರಿಮಾಡಿಕೊಂಡಳು. ಅಂದು ಪೆನ್ಸಿಲಿನಿಂದ ಮುಚ್ಚಿಹಾಕಿದ್ದ ಆ ಪುಟ್ಟ ಮಚ್ಚೆ ಅಲ್ಲೇ ಇತ್ತು. ಹೇಳುವ ಮುಂಚೆ ತನ್ನ ಎಡಗೈಯನ್ನು ಎತ್ತಿ ಒಮ್ಮೆ ನೋಡಿಕೊಂಡಳು.

"ಇದೆ. ಎಡಗೆನ್ನೆ. ನಿಮ್ಮ ಎಡ" ಎಂದಳು.