ಅಕ್ಕ ಕೊಡಬೇಕಾದ ಮಾತು

ಮತ್ಸರವೆಂಬುದು ದುಷ್ಟರ ಮನೆಗೆ ಮಾತ್ರ ಬರುವ ಅತಿಥಿಯಲ್ಲ. ಮೂರು ಹೊತ್ತೂ ಪ್ರಾರ್ಥನೆ ತಪ್ಪದ ಮನೆಯಲ್ಲೂ ಅದು ಕೇಳದೆ ಬಂದು ಕೂರುತ್ತದೆ. ವಿಲಿಯಮ್ಸ್‌ಬರ್ಗಿನ ಯೆಹೂದಿ ಹುಡುಗಿ ಬ್ಲಿಮಿಯ ಎದೆಯಲ್ಲಿ ಅದು ಚಿಕ್ಕಂದಿನಲ್ಲೇ ಜಾಗ ಮಾಡಿಕೊಂಡಿತ್ತು.

ಬೇಸಿಗೆಯಲ್ಲಿ ಪೋರ್ಟೊರಿಕೊ ದ್ವೀಪದಿಂದ ಬಂದ ನೆರೆಯವರ ಮಕ್ಕಳು, ಬೆಂಕಿ ಆರಿಸಲೆಂದು ಬೀದಿಯಲ್ಲಿಟ್ಟ ನಲ್ಲಿಯನ್ನು ತಿರುಗಿಸಿ ನೀರಿನಲ್ಲಿ ಕುಣಿಯುವಾಗ, ಉದ್ದ ತೋಳಿನ ಅಂಗಿ, ದಪ್ಪ ಕಾಲುಚೀಲ ತೊಟ್ಟ ಬ್ಲಿಮಿ ತಂಗಿ ರೈಜಿಯ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು.

“ಏ, ನಿಮ್ಮ ದೇವ್ರಿಗೆ ನೀರು ಕಂಡ್ರೆ ಆಗಲ್ವೇನೇ?” ಎಂದು ಆ ಮಕ್ಕಳು ಕೂಗುತ್ತಿದ್ದರು.

“ನೀರು ಕಂಡ್ರೆ ಆಗುತ್ತೆ, ನಿಮ್ಮ ಗಲಾಟೆ ಕಂಡ್ರೆ ಆಗಲ್ಲ!” ಎನ್ನುತ್ತಿದ್ದಳು. ಬಾಯಿ ಗೆದ್ದರೂ ಒಣಗಿದ ಪಾದಗಳು ಸೋಲುತ್ತಿದ್ದವು.

ಆ ಮಕ್ಕಳು ಬೆಳೆದು ಚದುರಿದರು. ಬ್ಲಿಮಿಗೆ ಇಪ್ಪತ್ತೆರಡು ತುಂಬಿತು, ಇನ್ನೂ ಮದುವೆಯಾಗಿರಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಕಂಡ ಹೆಂಗಸರೆಲ್ಲ, “ದೇವ್ರು ದೊಡ್ಡೋನು, ನಿನಗೂ ಬೇಗ ಆಗ್ಲಿ ಕಣೇ,” ಎಂದು ಹರಸತೊಡಗಿದರು. ಹರಕೆಯೂ ಮುಳ್ಳಾಗಬಲ್ಲದೆಂದು ಅವಳು ಅಲ್ಲಿ ಕಲಿತಳು. ಅಷ್ಟರಲ್ಲಿ ರೈಜಿಗೆ ಸಂಬಂಧ ಕೂಡಿಬಂತು. ಹಸಿದ್ ಪಂಥದ ಯೆಹೂದಿಗಳ ಮನೆಗಳಲ್ಲಿ ಅಕ್ಕನಿರುವಾಗ ತಂಗಿಯ ಮದುವೆ ನಿಶ್ಚಯವಾಗಬೇಕಾದರೆ, ಅಕ್ಕ ಬಾಯಿ ತುಂಬಾ ಒಪ್ಪಿಗೆ ಕೊಡಬೇಕು. ಶುಕ್ರವಾರ ಸಂಜೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ದೀಪ ಹಚ್ಚುವ ಮೊದಲು, ಹುಡುಗನ ಮನೆಗೆ ಉತ್ತರ ಹೋಗಬೇಕಿತ್ತು. ತಾಯಿ ಪೆಸ್ಸಿ ಕೇಳಿದಾಗಲೆಲ್ಲ ಬ್ಲಿಮಿಯದು ಒಂದೇ ಮಾತು: “ನೋಡೋಣ.”

ಶುಕ್ರವಾರ ಮಧ್ಯಾಹ್ನ ಹೊಲಿಯಲು ಕೊಟ್ಟ ಬಟ್ಟೆ ತರಲು ಪೆಸ್ಸಿ ಅವಳನ್ನು ಕೆಳಮನೆಗೆ ಕಳಿಸಿದಳು. ಅಲ್ಲಿದ್ದವಳು ಎನೆಯ್ದಾ, ಈ ಅಕ್ಕತಂಗಿಯರಿಗೆ ಚಿಕ್ಕಂದಿನಿಂದ ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿದುಕೊಟ್ಟ ಪೋರ್ಟೊರಿಕೊದ ಮುದುಕಿ. ರೈಜಿಯ ಹೊಸ ಉಡುಪು ಅವಳ ಮಡಿಲಲ್ಲಿತ್ತು.

“ಬಾ ಮಗಳೇ. ಏನು ಮುಖ ಉಪ್ಪಿನಕಾಯಿ ಆಗಿದೆ?”

“ಸಾಲಲ್ಲಿ ನಾನು ಮುಂದಿದ್ದೆ ಎನೆಯ್ದಮ್ಮ. ಅವಳು ಹಿಂದಿಂದ ಬಂದು ನುಗ್ಗಿದ್ಲು.”

“ಸಾಲು ನಿಲ್ಲೋಕೆ ಗಂಡ ಏನು ಬಸ್ಸಾ?” ಎಂದು ನಕ್ಕ ಎನೆಯ್ದಾ ಸೂಜಿ ನಿಲ್ಲಿಸಿದಳು. “ನನ್ನ ತಂಗಿ ನಾನು ಮೆಚ್ಚಿದವನನ್ನೇ ಕಟ್ಕೊಂಡ್ಲು. ಚರ್ಚಿನ ಗಂಟೆ ಹೊಡೆದಾಗಲೇ ನನಗೆ ಗೊತ್ತಾಗಿದ್ದು. ಮನೇಲಿದ್ದ ತಟ್ಟೆ ಎಲ್ಲಾ ಅವಳ ಮೇಲೆ ಎಸೆದೆ.”

“ಆಮೇಲೆ?”

“ಆಮೇಲೇನು, ಆ ವಾರ ಎಲ್ಲಾ ಪಾತ್ರೆಯಿಂದಲೇ ತಿಂದ್ವಿ.” ನಗು ಅವಳ ಮುಖದಿಂದ ಇಳಿಯಿತು. “ಅವಳು ಸಾಯೋವರೆಗೂ ಮಾತಿಲ್ಲ. ನೋಡೇ, ಈ ಬೀದಿಯ ನಮ್ಮೋರೆಲ್ಲ ನಿಮ್ಮ ಕಟ್ಟುಪಾಡು ಕಂಡು ಅಯ್ಯೋ ಪಾಪ ಅಂತೀವಿ. ಆದ್ರೆ ಇವತ್ತು ನನ್ನ ಹೊಟ್ಟೆ ಉರೀತಿದೆ. ಇಡೀ ಮನೆ ನಿನ್ನ ಬಾಯಿ ನೋಡ್ಕೊಂಡು ಕೂತಿದೆ. ನನ್ನನ್ನ ಯಾರು ಕೇಳಿದ್ರು?”

ತನ್ನ ಬಾಳಿನಲ್ಲಿಯೂ ಹೊಟ್ಟೆಕಿಚ್ಚುಪಡುವಂಥದ್ದು ಇದೆಯೆಂದು ಬ್ಲಿಮಿ ಅದುವರೆಗೆ ಎಣಿಸಿರಲಿಲ್ಲ. ಉಡುಪನ್ನು ತೋಳ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಅಡುಗೆಮನೆಯಲ್ಲಿ ರೈಜಿ ಊದಿಕೊಂಡ ಕಣ್ಣುಗಳಿಂದ ಸಬ್ಬತ್ತಿನ ರೊಟ್ಟಿಗೆ ಹಿಟ್ಟನ್ನು ಜಡೆಯಂತೆ ಹೆಣೆಯುತ್ತಿದ್ದಳು.

“ರೈಜಿ, ನನ್ನ ಒಪ್ಪಿಗೆ ಇದೆ. ಬಾಯಿ ತುಂಬಾ ಹೇಳ್ತಿದ್ದೀನಿ.”

“ನಿಜವಾಗ್ಲೂ ಹೊಟ್ಟೆಕಿಚ್ಚಿಲ್ವಾ ಅಕ್ಕಾ?”

“ಇದೆ, ಬೇಕಾದಷ್ಟಿದೆ. ಅದು ನಂದು, ನಾನು ನೋಡ್ಕೋತೀನಿ. ಒಪ್ಪಿಗೆ ನಿಂದು, ತಗೋ.”

ತಂಗಿ ಹಿಟ್ಟಿನ ಕೈಯಲ್ಲೇ ಅಕ್ಕನನ್ನು ತಬ್ಬಿದಳು. ಹೊಸ ಉಡುಪಿಗೂ ಹಿಟ್ಟಾಯಿತು. ಶಾಂತ ಹೃದಯದಿಂದ ಬಂದ ಕಾಣಿಕೆಯನ್ನು ಭಗವಂತ ಸ್ವೀಕರಿಸುವುದು ಸಹಜ. ಉರಿಯುವ ಎದೆಯಿಂದ ಬಿಡಿಸಿ ತಂದದ್ದನ್ನು ಅವನು ಎರಡು ಕೈಯಲ್ಲೂ ಸ್ವೀಕರಿಸುತ್ತಾನೆಂದು ನನ್ನ ನಂಬಿಕೆ.

ಭಾನುವಾರ ಬೀಗಿತಿಯರಿಬ್ಬರೂ ಕೂಡಿ ತಮ್ಮ ಪದ್ಧತಿಯಂತೆ ಪಿಂಗಾಣಿ ತಟ್ಟೆ ಒಡೆದು ನಿಶ್ಚಯ ಮಾಡಿದರು. ಅದರ ಚೂರು ಮನೆಯಲ್ಲಿದ್ದರೆ ಕನ್ಯೆಗೆ ಬೇಗ ವರ ಸಿಗುತ್ತಾನೆಂದು ನಂಬಿಕೆ. ರೈಜಿ ಎಲ್ಲರನ್ನೂ ತಳ್ಳಿಕೊಂಡು ಬಂದು ದೊಡ್ಡ ಚೂರನ್ನು ಅಕ್ಕನ ಕೈಗಿಟ್ಟಳು. “ನಿನಗೂ ಬೇಗ ಆಗ್ಲಿ,” ಎಂಬ ಹರಕೆ ನಾಲ್ಕೂ ಕಡೆಯಿಂದ ಏಳುತ್ತಲೇ ಬ್ಲಿಮಿ ಮೆಲ್ಲನೆ ಕೆಳಗಿಳಿದು ಎನೆಯ್ದಾಳ ಬಾಗಿಲಿಗೆ ಬಂದಳು.

“ಅದೇನೇ? ತಟ್ಟೆ ಚೂರಾ? ನಂಗೆ ಕೊಡೇ, ನಂಗೂ ಒಬ್ಬ ವರ ಸಿಗ್ಲಿ.”

ಬ್ಲಿಮಿ ಮುಷ್ಟಿ ಬಿಗಿಮಾಡಿದಳು. “ಇದು ಕೊಡಲ್ಲ, ಇದು ನಂದು. ಇರಿ, ನಿಮಗೆ ಬೇರೆ ತರ್ತೀನಿ.”

ಹಾಗೆಂದು, ತಾನು ತಪ್ಪಿಸಿಕೊಂಡು ಬಂದಿದ್ದ ಆ ಗಲಗಲ ನಗುವಿನ ಕೋಣೆಗೆ ಅವಳು ಮತ್ತೆ ಮೆಟ್ಟಿಲು ಹತ್ತಿ ಹೋದಳು.