ವಿಭೂತಿ ಅಳಿಸಿದ ಕೈ

ಈ ಸಂಗತಿಯನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೇನೆ. ನೌಕರಿ ಮುಗಿಯಲಿ, ಆಮೇಲೆ ಹೇಳೋಣ ಎಂದೆ. ಮುಗಿಯಿತು. ಕಿರಿಮಗಳ ಮದುವೆ ಆಗಿಬಿಡಲಿ, ಬೀಗರ ಕಡೆಯವರ ಕಿವಿಗೆ ಬೀಳುವುದು ಬೇಡ ಎಂದೆ. ಅದೂ ಆಯಿತು. ಈಗ ನೆಪಗಳೆಲ್ಲ ಖಾಲಿಯಾಗಿವೆ.

ಆ ಮೇಡಂ ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಬಲಗೈ ಹೆಬ್ಬೆರಳು. ಅದರ ಮೇಲೊಂದು ಕಪ್ಪು ಗೆರೆ. ಚಿಕ್ಕಂದಿನಲ್ಲಿ ತಾಮ್ರದ ತಂತಿ ಕೊಯ್ದ ಗಾಯದೊಳಗೆ ಮೋಟಾರಿಗೆ ಬಳಿಯುವ ವಾರ್ನಿಷ್ ಸೇರಿ, ಹಚ್ಚೆ ಹಾಕಿದಂತೆ ಉಳಿದುಬಿಟ್ಟಿತ್ತು. ಆ ಕೈಯಲ್ಲಿ ಸರ್ಕಾರದ ಲ್ಯಾಪ್‌ಟಾಪ್ ಹಿಡಿದು ಅವರು ನಮ್ಮ ಪಂಪ್‌ಹೌಸಿನ ಮೆಟ್ಟಿಲು ಹತ್ತಿ ಬಂದರು. ನಾವು ಅವರನ್ನು ಸೈಬರ್ ಮೇಡಂ ಎನ್ನುತ್ತಿದ್ದೆವು.

ಸಾಸ್ವೆಹಳ್ಳಿಯಿಂದ ಸ್ವಲ್ಪ ಆಚೆ, ಹೊಳೆ ದಂಡೆಯ ಮೇಲೆ ನಮ್ಮ ಪಂಪ್‌ಹೌಸು. ಹೊಳೆಯಿಂದ ಎತ್ತಿದ ಕುಡಿಯುವ ನೀರು ನ್ಯಾಮತಿ ದಾಟಿ ಸವಳಂಗದ ಕಡೆಯ ಹಳ್ಳಿಗಳವರೆಗೂ ಹೋಗುತ್ತಿತ್ತು. ನಾನು ಅಲ್ಲಿ ಹಿರಿಯ ಆಪರೇಟರ್. ಓದಿದ್ದು ಹೈಸ್ಕೂಲು. ಮೊದಲು ಎಲ್ಲವೂ ಕೈಯಲ್ಲೇ ನಡೆಯುತ್ತಿತ್ತು. ಚಕ್ರ ತಿರುಗಿಸಿದರೆ ವಾಲ್ವು, ಹಿಡಿ ಎಳೆದರೆ ಮೋಟಾರು. ಆಮೇಲೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ಹಸಿರು ಗುಂಡಿ ಒತ್ತಿದರೆ ಪಂಪು ಓಡುತ್ತದೆ, ಬೇಕಾದರೆ ದೂರದ ಕಚೇರಿಯಲ್ಲಿ ಕೂತವರೂ ಓಡಿಸಬಹುದು.

ಕಂಪ್ಯೂಟರ್ ಬಂದ ದಿನ ಕಾಯಿ ಒಡೆದು ಪೂಜೆ ಮಾಡಿದೆವು. ಕೂಡಿಸಲು ಬಂದ ಗುತ್ತಿಗೆದಾರನ ಹುಡುಗರು ಪಾಸ್‌ವರ್ಡ್ ಏನು ಇಡೋಣ ಎಂದು ಕೇಳಿದಾಗ ನಾನೇ ಮುಂದೆ ಬಂದು, ನಮ್ಮೂರ ದೇವರ ಹೆಸರಿಡಿ ಎಂದೆ. ಅದಕ್ಕೆ ಅಂಕಿಯೂ ಇರಬೇಕಂತೆ. ಒಂದು ಎರಡು ಮೂರು ಸೇರಿಸಿದರು. ಪಾಳಿ ಬದಲಾದಾಗ ಮರೆಯಬಾರದಲ್ಲ, ಸ್ವಿಚ್ಚುಗಳಿದ್ದ ಪ್ಯಾನೆಲ್ಲಿನ ನೆತ್ತಿಯ ಮೇಲೆ ವಿಭೂತಿಯಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಪ್ರತಿ ಸೋಮವಾರ ಸ್ನಾನ ಮಾಡಿ ಬಂದು ಹೊಸದಾಗಿ ತಿದ್ದುತ್ತಿದ್ದೆ, ಮೇಲೊಂದು ಹೂವು ಇಡುತ್ತಿದ್ದೆ. ಬರುಬರುತ್ತ ಅದು ಪಾಸ್‌ವರ್ಡೋ ಪೂಜೆಯೋ ನಮಗೇ ತಿಳಿಯದಾಯಿತು. ಚಹಾ ತರುವವನಿಗೂ ಅದು ಗೊತ್ತು, ಮೀನು ಹಿಡಿಯಲು ಬಂದು ನೀರು ಕೇಳಿದವರಿಗೂ ಗೊತ್ತು. ದೇವರ ಹೆಸರಿರುವಾಗ ಯಾರು ಏನು ಮಾಡಿಯಾರು ಎಂಬುದು ನಮ್ಮ ಧೈರ್ಯ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೇಡಂ ಅವರಿಂದ ಅಷ್ಟಾದರೂ ಕಲಿತಿದ್ದೇನೆ.

ಅವರು ಬಂದ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ನೀವು ಪೊಲೀಸರೇನ್ರಿ?"

"ಅಲ್ಲ ರೀ. ಪೊಲೀಸರು ಕಳವಾದ ಮ್ಯಾಲೆ ಬರ್ತಾರೆ. ನಾವು ಕಳ್ಳ ಬರಾಕಿಂತ ಮುಂಚೆ ಬರಬೇಕು," ಎಂದರು.

ನೇರವಾಗಿ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಓಡುತ್ತಿದ್ದ ಪಂಪಿನ ಬಳಿ ಹೋಗಿ ಅದರ ಮೈಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರಂತೆ ಕಣ್ಣು ಮುಚ್ಚಿ ನಿಂತರು. ಆಗ ಹೆಬ್ಬೆರಳಿನ ಗೆರೆ ನೋಡಿ ಕೇಳಿದೆ. ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಮಾಡುವ ಸಾಬರ ಮಗಳಂತೆ. ನನಗೆ ಆಶ್ಚರ್ಯವಾಯಿತು. ಸುಟ್ಟ ಮೋಟಾರುಗಳನ್ನು ನಾನೇ ಎಷ್ಟೋ ಸಲ ಆ ಅಂಗಡಿಗೆ ಹೊತ್ತೊಯ್ದಿದ್ದೇನೆ. ಅಲ್ಲಿ ಎರಡು ಜಡೆ ಹಾಕಿಕೊಂಡು ತಂತಿಯ ಸುರುಳಿ ಬಿಚ್ಚುತ್ತ ಕೂತಿರುತ್ತಿದ್ದ ಹುಡುಗಿ ಇವರೇ. ಆ ಸಾಬರು ಕೆಲಸ ಮುಗಿದ ಮೋಟಾರನ್ನು ಹಾಗೇ ಕಳಿಸಿದವರಲ್ಲ. ಓಡಿಸಿ, ಅಂಗೈ ಇಟ್ಟು ನೋಡಿ, ಆಮೇಲೆ ನಮ್ಮ ಅಂಗೈಯನ್ನೂ ಇಡಿಸಿ ಕಳಿಸುತ್ತಿದ್ದರು.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಊಟ ಮಾಡುವಾಗ ಅವರು ತಮ್ಮ ಕೆಲಸದ ಬಗ್ಗೆ ಹೇಳಿದರು. ಸೈಬರ್ ಎಂದರೆ ಬೆಂಗಳೂರಿನ ದೊಡ್ಡ ಕಾಲೇಜಿನವರ ಕೆಲಸ ಎಂದುಕೊಂಡಿದ್ದೆ. ಅವರು ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ದುಡಿದು, ಪರೀಕ್ಷೆ ಬರೆದು, ಕಂಪ್ಯೂಟರ್ ಕಳ್ಳರನ್ನು ತಡೆಯುವ ಸರ್ಕಾರದ ಈ ತಂಡ ಸೇರಿದ್ದರು. ಅದೂ ಗುತ್ತಿಗೆಯ ಮೇಲೆ. ತಂಡದಲ್ಲಿ ಪೊಲೀಸ್ ವೈರ್‌ಲೆಸ್ಸಿನಲ್ಲಿದ್ದವರೊಬ್ಬರು, ಸೈನ್ಯದ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರೊಬ್ಬರು, ಬ್ಯಾಂಕಿನ ಕ್ಯಾಷಿಯರ್ ಆಗಿದ್ದ ಹೆಂಗಸೊಬ್ಬರು ಇದ್ದರಂತೆ. ಕೆಲವರು ಹಗಲಿರುಳು ಪರದೆ ಕಾಯುವವರು. ಕೆಲವರು ಅಪ್ಪಣೆ ಪಡೆದು ಕಳ್ಳರಂತೆಯೇ ಒಳನುಗ್ಗಿ ನೋಡುವವರು. ಕನ್ನಡ ಮೇಷ್ಟ್ರಾಗಿದ್ದ ಒಬ್ಬರ ಕೆಲಸವಂತೂ ಎಚ್ಚರಿಕೆಯ ಮಾತುಗಳನ್ನು ನಮ್ಮಂಥವರಿಗೆ ತಿಳಿಯುವ ಹಾಗೆ ಬರೆಯುವುದು. ನನಗೆ ನಗು ಬಂತು.

"ನಗ್ತೀರಲ್ಲ, ನಿಮ್ಮ ಸಲುವಾಗೇ ಅವರನ್ನ ಇಟ್ಕಂಡಿರೋದು," ಎಂದು ಅವರೂ ನಕ್ಕರು. "ಬರೀ ಕಂಪ್ಯೂಟರ್ ಓದಿದೋರು ಸಾಲಲ್ಲ ರೀ. ಪಂಪ್ ಕಾಯಬೇಕಂದ್ರೆ ಪಂಪ್ ಗೊತ್ತಿರಬೇಕು, ಜನರನ್ನ ಕಾಯಬೇಕಂದ್ರೆ ಜನ ಗೊತ್ತಿರಬೇಕು."

ಊಟದ ನಂತರ ಪ್ಯಾನೆಲ್ಲಿನ ನೆತ್ತಿಯತ್ತ ನೋಡಿದರು. ಅಲ್ಲಿ ಬರೆದದ್ದನ್ನೇ ಕೀಲಿಮಣೆಯಲ್ಲಿ ಒತ್ತಿದರು. ತೆರೆದುಕೊಂಡಿತು. ಅವರ ಮುಖ ಬಾಡಿತು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡರು. ಹೊಸ ಪಾಸ್‌ವರ್ಡ್ ಇಡಿಸಿದರು. ನನ್ನಿಂದ ಬಾಯಿಪಾಠ ಮಾಡಿಸಿದರು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಆಮೇಲೆ ಮೆಲ್ಲಗೆ ಹೇಳಿದರು, "ಇದನ್ನ ನೀವೇ ಅಳಿಸ್ರಿ ಯಜಮಾನ್ರೆ. ನಾನು ಮುಟ್ಟಬಾರದು."

ನನಗೆ ಅರ್ಥವಾಯಿತು. ಒದ್ದೆ ಟವೆಲಿನಿಂದ ನಾನೇ ಒರೆಸಿದೆ. ಹೂವನ್ನು ನಾನೇ ಹೊಳೆಗೆ ಬಿಟ್ಟೆ. ಅಳಿಸಿದ ಕೈ ಇದು, ಈಗ ಪೆನ್ನು ಹಿಡಿದಿರುವ ಕೈ.

ಮರುದಿನ ಊರಿನ ಮುಖಂಡರೊಬ್ಬರು ಏನೋ ಕೆಲಸಕ್ಕೆ ಪಂಪ್‌ಹೌಸಿಗೆ ಬಂದವರು ಖಾಲಿ ನೆತ್ತಿ ನೋಡಿದರು. ದೇವರ ಹೆಸರು ಯಾರು ಅಳಿಸಿದ್ದು ಎಂದು ಸಿಡಿದರು. ಅವರ ಹಿಂದೆ ನಾಲ್ಕು ಜನ. ಊರಿನಲ್ಲಿ ನಾನು ಭಕ್ತ ಎನಿಸಿಕೊಂಡವನು, ಭಜನೆಗೆ ಮುಂದೆ ಕೂರುವವನು. ನಾನು ಅಳಿಸಿದೆ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ದೇವರನ್ನು ಬೀಗದ ಕೈ ಮಾಡಿಕೊಂಡಿದ್ದ ನನ್ನ ಬುದ್ಧಿ ಬಯಲಾಗುತ್ತದೆ.

"ಚೆಕ್ ಮಾಡಾಕೆ ಬಂದಿದ್ದ ಮೇಡಂ ಅಳಿಸಿದ್ರು," ಎಂದೆ.

"ಯಾವ ಮೇಡಂ? ಯಾರ ಪೈಕಿ?"

ಅದನ್ನೂ ಹೇಳಿದೆ. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ಉಳಿದದ್ದನ್ನು ಮೊಬೈಲುಗಳು ಹೇಳಿದವು.

ಈಗಲೂ ಮೈ ಉರಿಯುತ್ತದೆ. ಒಬ್ಬನಾದರೂ ಬಂದು, ಅಲ್ಲಯ್ಯ, ದೇವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಒಂದು ಎರಡು ಮೂರು ಹಾಕಿ ಪೂಜೆ ಮಾಡುವುದು ಯಾವ ಮಠದ ಪದ್ಧತಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಓದಿದವರು ಕೇಳಲಿಲ್ಲ, ಪಾಸ್‌ವರ್ಡ್ ಗೊತ್ತಿದ್ದ ನಮ್ಮ ಪಾಳಿಯವರೇ ಕೇಳಲಿಲ್ಲ. ಮೇಡಂ ಮಾಡಿದ್ದು ಸರಿ ಎಂದು ತಿಳಿದಿದ್ದ ನಮ್ಮ ಇಲಾಖೆಯ ಎಂಜಿನಿಯರರೂ ಗಲಾಟೆ ಯಾಕೆ ಎಂದು ಫೋನು ತೆಗೆಯುವುದನ್ನೇ ಬಿಟ್ಟರು.

ದೂರು ಹೋಗಿ ಹೊನ್ನಾಳಿಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಆಚೆ ಅಧಿಕಾರಿಗಳು, ಗೋಡೆಗೆ ಒರಗಿ ಮುಖಂಡರು, ಬಾಗಿಲಲ್ಲಿ ನಾನು. ಅಳಿಸಿದ್ದು ನೀವೇ ತಾನೇ ಎಂದು ಮೇಡಂ ಅವರನ್ನು ಕೇಳಿದರು. ಅವರು ಒಮ್ಮೆ ನನ್ನ ಕಡೆ ನೋಡಿದರು. ಕೋಪದ ನೋಟವಲ್ಲ. ನೀವು ಹೇಳುತ್ತೀರಲ್ಲ ಎಂದು ಕಾಯುವ ನೋಟ. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಅಲ್ಲಿ ಬರೆದಿದ್ದು ಅಲ್ಲಿ ಇರಬಾರದಿತ್ತು ಸರ್. ಅದಕ್ಕಿಂತ ಹೆಚ್ಚಿಗೆ ನಾನು ಹೊರಗೆ ಹೇಳಂಗಿಲ್ಲ," ಎಂದರು. ಅಷ್ಟೇ.

ಅವರ ಮೊಬೈಲಿನಲ್ಲಿ ಚಿತ್ರವಿತ್ತು. ತೋರಿಸಿದ್ದರೆ ಅದು ಪಾಸ್‌ವರ್ಡ್ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಯಾಕೆ ತೋರಿಸಲಿಲ್ಲ ಎಂಬುದು ನನಗೆ ಆಮೇಲೆ ಎಂಜಿನಿಯರರಿಂದ ತಿಳಿಯಿತು. ಗುತ್ತಿಗೆದಾರನ ಹುಡುಗರು ಶ್ರಮ ಉಳಿಸಲು ನಮ್ಮ ದೇವರ ಹೆಸರನ್ನೇ ಯೋಜನೆಯ ಉಳಿದ ಪಂಪ್‌ಹೌಸುಗಳಿಗೂ ಇಟ್ಟಿದ್ದರಂತೆ. ಆ ಚಿತ್ರ ತುಂಬಿದ ಕೋಣೆಯಲ್ಲಿ ಹೊರಬಿದ್ದರೆ ಅಷ್ಟೂ ಊರಿನ ನೀರಿನ ಬೀಗದ ಕೈ ಬೀದಿಗೆ ಬಿದ್ದ ಹಾಗೆ. ಅವೆಲ್ಲ ಬದಲಾಗುವ ತನಕ ಅವರು ಬಾಯಿ ಬಿಡುವಂತಿರಲಿಲ್ಲ. ಗಲಾಟೆಯ ಭಯಕ್ಕೆ ಅವನ್ನು ಯಾರೂ ಬದಲಾಯಿಸಲೇ ಇಲ್ಲ. ಹಾಗಾಗಿ ಅವರ ಮೌನವೂ ಮುಗಿಯಲಿಲ್ಲ. ನನ್ನ ಮೌನಕ್ಕೆ ಮಾತ್ರ ಅಂಥ ಯಾವ ಕಾರಣವೂ ಇರಲಿಲ್ಲ.

ಅವರನ್ನು ಊರೂರು ಸುತ್ತುವ ಕೆಲಸದಿಂದ ತೆಗೆದು ಬೆಂಗಳೂರಿನಲ್ಲಿ ಪರದೆ ಕಾಯಲು ಕೂರಿಸಿದರು. ಚನ್ನಗಿರಿಯ ಅವರ ತಂದೆಯ ಅಂಗಡಿಗೆ ನಮ್ಮ ಕಡೆಯವರು ಮೋಟಾರು ಒಯ್ಯುವುದನ್ನು ನಿಲ್ಲಿಸಿದರು. ಒಮ್ಮೆ ಬಸ್ಸಿನಿಂದ ನೋಡಿದೆ, ಸಾಬರು ಖಾಲಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮತ್ತೊಮ್ಮೆ ನೋಡಿದಾಗ ಶಟರ್ ಎಳೆದಿತ್ತು. ನಾನು ಅಂಗಡಿ ಕಾಣದ ಇನ್ನೊಂದು ಬದಿಯ ಕಿಟಕಿಗೆ ಸರಿದು ಕೂತೆ.

ಇತ್ತ ಪಂಪ್‌ಹೌಸಿನಲ್ಲಿ ಏನು ಮಾಡಿದೆವು ಗೊತ್ತೇ? ಊರವರ ಸಮಾಧಾನಕ್ಕೆಂದು ವಿಭೂತಿಯಲ್ಲಿ ಹೆಸರನ್ನು ಮತ್ತೆ ಬರೆದೆವು. ಮೊದಲಿನ ಹಾಗೆಯೇ ಇರಬೇಕು ಎಂದರು, ಮೊದಲಿನ ಹಾಗೆಯೇ ಇಂಗ್ಲಿಷಿನಲ್ಲಿ, ಒಂದು ಎರಡು ಮೂರು ಸಮೇತ ಬರೆದೆವು. ಮುಖಂಡರು ಕೈ ಮುಗಿದರು. ನೆನಪಿಡಲು ಸುಲಭವೆಂದು ಕಂಪ್ಯೂಟರಿಗೂ ಹಳೆಯ ಪಾಸ್‌ವರ್ಡೇ ಮರಳಿತು. ಬರೆದವನು ನಾನೇ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಂಪ್‌ಹೌಸಿನ ಫೋನು ಹೊಡೆದುಕೊಂಡಿತು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು, ಬೆಂಗಳೂರಿನಲ್ಲಿ ಪರದೆ ಕಾಯುತ್ತಿದ್ದ ಮೇಡಂ.

"ಪಂಪ್ ನೀವು ಓಡಿಸ್ತಿದೀರಾ, ಬ್ಯಾರೆ ಯಾರಾದ್ರೂ ಓಡಿಸ್ತಿದಾರಾ?"

ಪರದೆ ನೋಡಿದೆ. ಎಲ್ಲ ಹಸಿರು. ಎಲ್ಲ ಸರಿಯಾಗಿದೆ ಮೇಡಂ ಎಂದೆ.

"ಪರದೆ ನೋಡಬ್ಯಾಡ್ರಿ. ಪಂಪಿನ ಮೈಮ್ಯಾಲೆ ಕೈ ಇಡ್ರಿ."

ಇಟ್ಟೆ. ಚುರ್ರೆಂದಿತು. ಯಾರೋ ಎಲ್ಲಿಂದಲೋ ಒಳಹೊಕ್ಕು ನೀರು ಹೋಗುವ ವಾಲ್ವನ್ನು ಮುಚ್ಚಿ ಪಂಪುಗಳನ್ನು ಓಡಲು ಬಿಟ್ಟಿದ್ದರು. ಪರದೆಯಲ್ಲಿ ಮಾತ್ರ ಹಸಿರು ತೋರಿಸುತ್ತಿದ್ದರು. ಅವರು ಒಂದೊಂದಾಗಿ ಹೇಳಿದರು, ನಾನು ಮಾಡಿದೆ. ಪ್ಯಾನೆಲ್ಲಿನ ಸ್ವಿಚ್ಚನ್ನು ಕೈಯಿಂದ ನಡೆಸುವ ಕಡೆಗೆ ತಿರುಗಿಸಿದೆ, ಪಂಪು ನಿಲ್ಲಿಸಿದೆ, ಕಂಪ್ಯೂಟರಿನ ವೈರು ಕಿತ್ತೆ, ಹಳೆಯ ಚಕ್ರ ಹಿಡಿದು ವಾಲ್ವು ಬಿಚ್ಚಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಪಂಪುಗಳು ಸುಟ್ಟುಹೋಗಿ, ಸವಳಂಗದವರೆಗಿನ ಜನ ಆ ಬೇಸಿಗೆಯೆಲ್ಲ ಕೊಡ ಹಿಡಿದು ಅಲೆಯಬೇಕಾಗುತ್ತಿತ್ತು.

ಯಾವ ಪಾಸ್‌ವರ್ಡಿನಿಂದ ಒಳಗೆ ಬಂದರು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು. "ಸರಿ ಯಜಮಾನ್ರೆ, ಮೊದಲು ನೀವು ನೀರು ಕುಡೀರಿ," ಎಂದರು. ನಾನು "ಮೇಡಂ" ಎಂದೆ. ಆ ಕಡೆ ಕಾದರು. ನಾನು ನೀರು ಕುಡಿಯುತ್ತೇನೆ ಎಂದು ಹೇಳಿ ಫೋನು ಇಟ್ಟೆ.

ಪಂಪು ಉಳಿಸಿದ್ದಕ್ಕೆ ನನಗೆ ಸನ್ಮಾನವಾಯಿತು. ಅದೇ ಮುಖಂಡರು ಶಾಲು ಹೊದಿಸಿ, ದೇವರೇ ಇವರ ಕೈಯಲ್ಲಿ ನಿಂತು ಕಾಪಾಡಿದ ಎಂದು ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದರು. ಮೈಕು ನನ್ನ ಕೈಗೂ ಬಂತು. ಎಲ್ಲರಿಗೂ ನಮಸ್ಕಾರ ಎಂದು ಹೇಳಿ ಕೆಳಗಿಳಿದೆ. ಆ ಶಾಲನ್ನು ನಾನು ಒಂದು ದಿನವೂ ಹೊದೆಯಲಿಲ್ಲ. ಬಿಸಾಡಲೂ ಇಲ್ಲ. ನನ್ನಂಥ ಹೇಡಿಗೆ ಎರಡೂ ಆಗುವುದಿಲ್ಲ.

ಅವರ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ಸ್ಥಳೀಯರ ದೂರು ಇದೆ ಎಂಬುದೇ ಕಾರಣವಂತೆ. ಯಾವ ಸ್ಥಳೀಯರು? ಅವರ ದೆಸೆಯಿಂದ ಆ ಬೇಸಿಗೆ ನೀರು ಕುಡಿದವರೇ. ಇಂಥ ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಸರ್ಕಾರದವರು ಹೇಳುವುದನ್ನು ಟಿವಿಯಲ್ಲಿ ಕೇಳಿದಾಗಲೆಲ್ಲ ಎದ್ದು ಹೋಗಿ ಅದನ್ನು ಆರಿಸುತ್ತೇನೆ. ಸಿಕ್ಕವರನ್ನು ನಾವು ಏನು ಮಾಡಿದೆವು ಎಂದು ನನಗೆ ಗೊತ್ತು.

ಅವರು ಈಗ ಜಗಳೂರಿನಲ್ಲಿದ್ದಾರೆ, ಗಂಡನ ಊರು. ಕಳೆದ ತಿಂಗಳು ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಆಚೆ ಮೋಟಾರ್ ವೈಂಡಿಂಗ್ ಅಂಗಡಿ. ಒಳಗೆ ಸಾಬರು, ತೀರಾ ಮುದುಕರಾಗಿದ್ದಾರೆ, ಸ್ಟೂಲಿನ ಮೇಲೆ ಕೂತಿದ್ದರು. ಮೇಡಂ ಓಡುತ್ತಿದ್ದ ಮೋಟಾರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಕುರಿ ಸಾಕುವವನೊಬ್ಬ ಮೋಟಾರು ಸರಿಯಾಯಿತೇ ಎಂದು ಕಾಯುತ್ತಿದ್ದ. ಅವನ ಕೈ ಹಿಡಿದು ಅದರ ಮೇಲೆ ಇಡಿಸಿದರು. ಅವನು ನಕ್ಕ. ನಾನು ರಸ್ತೆಯ ಈಚೆ ದಂಡೆಯಲ್ಲಿ ನಿಂತಿದ್ದೆ. ದಾಟಲಿಲ್ಲ. ಹೊನ್ನಾಳಿ ಕಡೆಯ ಬಸ್ಸು ಬಂತು, ಹತ್ತಿದೆ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಓದಿದ ಯಾರಾದರೂ ಮುಖಂಡರಿಗೆ ತಲುಪಿಸಲಿ, ಶಾಲು ಹೊದಿಸಿದವರಿಗೆ ತಲುಪಿಸಲಿ. ಅಂದು ಪ್ಯಾನೆಲ್ಲಿನ ಮೇಲಿನ ವಿಭೂತಿ ಅಳಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನು. ರಸ್ತೆ ದಾಟಿ ಹೋಗಿ ನಾನು ಕ್ಷಮೆ ಕೇಳಬೇಕಿದ್ದದ್ದು ಚನ್ನಗಿರಿಯ ಮೋಟಾರ್ ಸಾಬರ ಮಗಳನ್ನು, ನಮ್ಮ ನೀರು ಕಾಯ್ದ ಸೈಬರ್ ಮೇಡಂ ಅವರನ್ನು.