ಊಟ ಮುಗಿಯದ ಮೇಜು

ವೀರಬಸಮ್ಮನವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಅಂಥವರನ್ನು ಸುಮ್ಮನೆ ಕೂರುವ ಕೆಲಸಕ್ಕೇ ಸೇರಿಸಿದವಳು ನಾನು. ಬುದ್ಧಿ ಇರಬೇಕಾದದ್ದು ನನಗೆ.

ಅವರ ಊರು ಗದಗ, ವಯಸ್ಸು ಅರವತ್ತಮೂರು. ಅಮೆರಿಕದ ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ ನಾವಿರುವ ಕಟ್ಟಡದಲ್ಲೇ ಮಗ ಶಶಿಧರನ ಜೊತೆ ಇದ್ದಾರೆ. ಕ್ರ್ಯಾನ್‌ಬರಿಯ ವೇರ್‌ಹೌಸಿನಲ್ಲಿ ಹನ್ನೊಂದು ವರ್ಷ ನಿಂತುಕೊಂಡೇ ಡಬ್ಬಗಳನ್ನು ಪ್ಯಾಕ್ ಮಾಡಿದರು. ಕೊನೆಗೆ ಮೊಣಕಾಲು ಕೈಕೊಟ್ಟಿತ್ತು. ಅದು ನನಗೆ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ. ಅವನೆದುರು ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆಯುತ್ತಿದ್ದರು.

"ಅವಗ ಗೊತ್ತಾದ್ರ ಕೆಲಸಾ ಬಿಡಿಸಿ ಮನ್ಯಾಗ ಕುಂದ್ರಸ್ತಾನ. ನಾಕ್ ಗ್ವಾಡಿ ನೋಡ್ಕೋತ ಕುಂತ್ರ ಹುಚ್ಚ ಹಿಡಿತೈತಿ ವಿಜಿ. ಕುಂತು ಮಾಡೂ ಕೆಲಸಾ ಯಾವ್ದರ ಇದ್ರ ನೋಡವ್ವಾ" ಎಂದು ನನ್ನ ಬೆನ್ನು ಹತ್ತಿದ್ದರು.

ನನ್ನ ಗೆಳತಿ ಕಿಯಾರಾ ಧಾರವಾಡದ ಡಾಕ್ಟರ ಮಗಳು, ಇಲ್ಲೇ ಹುಟ್ಟಿದವಳು. ಒಂದು ಟಿವಿ ಸೀರಿಯಲ್ಲಿನ ಸೆಟ್‌ನಲ್ಲಿ ಪಾತ್ರೆ, ಪೀಠೋಪಕರಣಗಳ ಉಸ್ತುವಾರಿ ಅವಳದು. ಸಾವಿರದ ಒಂಬೈನೂರ ಅರವತ್ತನಾಲ್ಕರ ಜೆರ್ಸಿಯ ಒಂದು ಬಿಳಿಯರ ಸಂಸಾರದ ಕತೆ. ಪಕ್ಕದ ಮನೆಯ ಭಾರತೀಯ ವಿಜ್ಞಾನಿಯ ತಾಯಿಯಾಗಿ ಊಟದ ಮೇಜಿಗೆ ಕೂರಲು ಅವರಿಗೊಬ್ಬರು ಬೇಕಾಗಿದ್ದರು. ಮಾತಿಲ್ಲ, ಎಲ್ಲ ಕಂತಿನಲ್ಲೂ ಕುರ್ಚಿ ಉಂಟು. ವೀರಬಸಮ್ಮ ಇಳಕಲ್ ಸೀರೆ ಉಟ್ಟು ಹೊರಟರು. ನಾನು ರಜೆ ಹಾಕಿ ಡ್ರೈವ್ ಮಾಡಿದೆ.

ಆ ದಿನದ ದೃಶ್ಯ: ಊಟದ ನಡುವೆ ಮಗಳು ಕಾಲೇಜು ಬಿಡುತ್ತೇನೆ ಎನ್ನುತ್ತಾಳೆ, ತಾಯಿ ಸಿಡಿದೇಳುತ್ತಾಳೆ. ಅದನ್ನೇ ಒಂಬತ್ತು ಸಲ ಮಾಡಿದರು. ತಟ್ಟೆಗಳಲ್ಲಿ ಅರ್ಧ ತಿಂದ ಮಾಂಸ, ಕಲಸಿದ ಆಲೂಗಡ್ಡೆ. ಲಿಂಗಾಯತರ ಹೆಂಗಸು, ಮೂಗು ಮುಚ್ಚಿಕೊಳ್ಳುವಂತೆಯೂ ಇಲ್ಲ. ಸೆರಗಿನ ತುದಿ ಹಿಂಡುತ್ತ, ಕಾಲು ಆಡಿಸುತ್ತ ಕುಳಿತಿದ್ದವರನ್ನು ನೋಡಿ ನನಗೇ ಚಡಪಡಿಕೆ ಶುರುವಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ನಾವು ಅರ್ಧ ಗಂಟೆ ಬಿಟ್ಟು ಬಂದು ನೋಡುತ್ತೇವೆ, ಮೇಜು ಫಳಫಳ ಹೊಳೆಯುತ್ತಿದೆ! ತಟ್ಟೆ, ಲೋಟ, ಚಮಚ ಎಲ್ಲ ಯಾರೋ ತೊಳೆದು ಬೋರಲು ಹಾಕಿದ್ದಾರೆ. ಯಾರೆಂದು ನನಗೆ ಆಗಲೇ ಗೊತ್ತಾಯಿತು. ದೃಶ್ಯ ಇನ್ನೂ ಅರ್ಧ ಬಾಕಿ ಇತ್ತು. ಯಾವ ತಟ್ಟೆಯಲ್ಲಿ ಎಷ್ಟು ತುತ್ತು ಉಳಿದಿತ್ತೋ ಹಾಗೇ ಇರಬೇಕಿತ್ತು. ಬೆಳಗಿನ ಕೆಲಸವೆಲ್ಲ ನೀರುಪಾಲು.

ಮೇಜು ಕಾಯಬೇಕಾದವಳು ಕಿಯಾರಾ. ನಿರ್ದೇಶಕ ಎಲ್ಲರೆದುರು ಅವಳ ಮೇಲೆ ಹರಿಹಾಯ್ದ. ಅವಳು ಕೆಂಪಗಾಗಿ ನಿಂತಿದ್ದಳು. ವೀರಬಸಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕುರ್ಚಿಗೂ ಅಪಾಯವಿರಲಿಲ್ಲ. ನಾನು ಬೇಡ ಎಂದು ಕಣ್ಸನ್ನೆ ಮಾಡಿದೆ. ಕೇಳಿದರೆ ತಾನೆ?

"ನಾನ ತೊಳದೇನ್ರಿ. ಆಕೀದೇನು ತಪ್ಪಿಲ್ಲ. ಎಂಜಲಾ ತಾಟ ಹಂಗ ಒಣಗಾಕ ಬಿಟ್ಟು ಹೆಂಗ ಎದ್ದು ಹೋಗ್ಲಿ? ಮನಿಗೆ ಒಳ್ಳೇದಲ್ರಿ."

ಕಿಯಾರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಿರ್ದೇಶಕ ಹೊಳೆಯುವ ಮೇಜನ್ನೊಮ್ಮೆ, ವೀರಬಸಮ್ಮನವರನ್ನೊಮ್ಮೆ ನೋಡಿದ. ಆಮೇಲೆ ಹಣೆ ಉಜ್ಜಿಕೊಂಡು, ತಾಯಿ ಮಗಳು ಕಿರುಚಾಡುವಾಗ ಈ ಅಜ್ಜಿ ಎದ್ದು ತಟ್ಟೆ ತೆಗೆಯಲಿ ಎಂದ.

ನನಗೆ ಕುಣಿಯುವಷ್ಟು ಖುಷಿಯಾಯಿತು. ವೀರಬಸಮ್ಮ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಕುಂದ್ರೂ ಕೆಲಸಾ ಅಂದಿದ್ದೆಲ್ಲವ್ವಾ" ಎಂದರು. ಹದಿನಾಲ್ಕು ಸಲ ಎದ್ದರು, ಹದಿನಾಲ್ಕು ಸಲ ತಟ್ಟೆ ಹೊತ್ತು ಅಡುಗೆಮನೆಗೆ ನಡೆದರು. ಕಾರು ಹತ್ತಲು ನಾನೇ ಕೈಹಿಡಿಯಬೇಕಾಯಿತು.

ಆ ಕಂತು ಬಂದ ಭಾನುವಾರ ಶಶಿಧರ ನಮ್ಮನ್ನೆಲ್ಲ ಮನೆಗೆ ಕರೆದಿದ್ದ. ಮಂಡಕ್ಕಿ, ಮಿರ್ಚಿ, ಗದ್ದಲವೋ ಗದ್ದಲ. ಪರದೆಯ ಮೇಲೆ ವೀರಬಸಮ್ಮ ಎದ್ದದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು. ಶಶಿಧರ ತಟ್ಟಲಿಲ್ಲ. ರಿಮೋಟ್ ಒತ್ತಿ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಅವ್ವ ಮೇಜು ಹಿಡಿದು ಏಳುತ್ತಾಳೆ, ಎಡಗಾಲು ಎಳೆಯುತ್ತಾಳೆ, ಬಾಗಿಲ ಬಳಿ ಗೋಡೆಗೆ ಕೈ ಕೊಡುತ್ತಾಳೆ.

"ಅವ್ವಾ, ಕಾಲಿಗೇನಾಗೈತಿ?"

"ಏ, ಹಂಗ ಆ್ಯಕ್ಟಿಂಗ್ ಮಾಡಂದಿದ್ರೋ. ವಿಜೀನ್ನ ಕೇಳು ಬೇಕಾದ್ರ."

ಅವನು ನನ್ನತ್ತ ತಿರುಗಿದ. ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಒಂದೂವರೆ ವರ್ಷದಿಂದ ಹೀಗೇ ಇದೆ" ಎಂದೆ.

ಶಶಿಧರ ಟಿವಿ ಆರಿಸಿ, ಡಾಕ್ಟರಿಗೆ ಫೋನ್ ಮಾಡಲು ಒಳಗೆ ಹೋದ. ವೀರಬಸಮ್ಮ ತಮ್ಮ ಹೆಗಲ ಮೇಲಿಟ್ಟ ನನ್ನ ಕೈ ಸರಿಸಿದರು.

"ಕಿಯಾರಾನ ಸಲುವಾಗಿ ನಾ ಅಷ್ಟ ಮಂದೀ ಮುಂದ ಖರೇ ಹೇಳಿದ್ನಿ. ನನ್ನ ಸಲುವಾಗಿ ಒಂದ ಸುಳ್ಳ ಹೇಳಾಕ ನಿನಗ ಆಗಲಿಲ್ಲೇನ ವಿಜಿ?"